“ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುತ್ತಾ ಸರ್?”: ಅನುವಂಶೀಯತೆಯ ಪಾಠದಲ್ಲಿ ಸ್ವಭಾವ ಮತ್ತು ಮಾನಸಿಕ ಆರೋಗ್ಯ

ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ. ಪ್ರಶಿಕ್ಷಣಾರ್ಥಿಯ ಸಿದ್ಧತೆ ಚೆನ್ನಾಗಿಯೇ ಇತ್ತು. ಅಂಟಿಕೊಂಡ ಕಿವಿಹಾಲೆಯವರು ಎಷ್ಟು, ಬಿಡಿ ಕಿವಿಹಾಲೆಯವರು ಎಷ್ಟು ಎಂದು ಮಕ್ಕಳಿಂದಲೇ ಎಣಿಸಿ ಪೀಠಿಕೆ ಹಾಕಿದರು. ಮೆಂಡಲ್‌ನ ಬಟಾಣಿ ಗಿಡಗಳಿಗೆ ಬಂದರು. ಕಪ್ಪುಹಲಗೆಯ ಮೇಲೆ 3:1 ಮೂಡಿತು. ಆಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು, “ಸರ್, ಅಮ್ಮನಿಗೆ ಡಿಪ್ರೆಶನ್ ಇದ್ದರೆ ಮಕ್ಕಳಿಗೂ ಬರುತ್ತಾ?” ಎಂದಳು. “ಹೌದಮ್ಮ, ಅದೂ ಜೀನ್‌ನಲ್ಲೇ ಬರೋದು” ಎಂದು ಹೇಳಿ ಅವರು ಮುಂದಿನ ಉದಾಹರಣೆಗೆ ಹೋದರು. ಹಿಂದಿನ ಬೆಂಚಿನಲ್ಲಿದ್ದ ನಾನು ವೀಕ್ಷಣಾ ನಮೂನೆಯಲ್ಲಿ ‘ಪ್ರಶ್ನೆಗಳ ನಿರ್ವಹಣೆ’ ಎಂಬ ಸಾಲಿಗೆ ಐದಕ್ಕೆ ನಾಲ್ಕು ಅಂಕ ಕೊಟ್ಟೆ. ಪೀರಿಯಡ್ ಮುಗಿಯುವವರೆಗೂ ಆ ಹುಡುಗಿ ತಲೆ ಎತ್ತಲಿಲ್ಲ ಎಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ ಹಿಂದಿರುಗುವಾಗ.

ಪ್ರಶಿಕ್ಷಣಾರ್ಥಿಯ ಉತ್ತರ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಸ್ವಭಾವದಲ್ಲೂ ಖಿನ್ನತೆಯಲ್ಲೂ ಅನುವಂಶೀಯತೆಯ ಪಾತ್ರ ಇದೆ. ಆದರೆ 3:1ರ ಪಕ್ಕದಲ್ಲಿ ನಿಂತು ಅದನ್ನು ಹೇಳಿದಾಗ ಮಗು ಕೇಳಿಸಿಕೊಳ್ಳುವುದು ಬೇರೆಯೇ: ‘ನನ್ನ ಪಾಲಿಗೂ ಬಂದೇ ಬಂದಿದೆ.’

ಈ ವಿಷಯದ ಬಹುಪಾಲು ಮಾಹಿತಿ ಬಂದಿರುವುದು ಅವಳಿಗಳ ಅಧ್ಯಯನದಿಂದ. ಏಕರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಭಿನ್ನರೂಪಿ ಅವಳಿಗಳಲ್ಲಿ, ಜನರ ನಡುವೆ ವ್ಯತ್ಯಾಸವಾಗುವ ವಂಶವಾಹಿಗಳ ಪೈಕಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದಿದ್ದರೂ ಏಕರೂಪಿಗಳ ಸ್ವಭಾವ ಹೆಚ್ಚು ಹೋಲುವುದಾದರೆ, ಆ ಹೆಚ್ಚುವರಿ ಹೋಲಿಕೆಗೆ ವಂಶವಾಹಿ ಕಾರಣವಿರಬೇಕು. ಲೆಕ್ಕ ಸುಲಭ, ಸಂಖ್ಯಾಶಾಸ್ತ್ರ ಓದಿದ ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೇ ಮಾಡಬಹುದು. ಉದಾಹರಣೆಗೆ, ಏಕರೂಪಿಗಳ ಸಹಸಂಬಂಧ ಗುಣಾಂಕ 0.45, ಭಿನ್ನರೂಪಿಗಳದು 0.25 ಎಂದುಕೊಳ್ಳೋಣ. ವ್ಯತ್ಯಾಸ 0.20. ಅದರ ಎರಡರಷ್ಟು 0.40. ಇದೇ ಅನುವಂಶೀಯತಾ ಪ್ರಮಾಣ, ಅಂದರೆ ಶೇ. 40. ವ್ಯಕ್ತಿತ್ವದ ಮೇಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಿಕ್ಕಿದ್ದೂ ಸುಮಾರು ಇದೇ ಸಂಖ್ಯೆ. ಖಿನ್ನತೆಯದೂ ಇದರ ಹತ್ತಿರವೇ, ಸುಮಾರು ಶೇ. 37.

ಈ 40ನ್ನು ನಾವು ಎಷ್ಟು ಸಲ ತಪ್ಪಾಗಿ ಓದುತ್ತೇವೆ! ‘ನನ್ನ ಸಿಟ್ಟಿನಲ್ಲಿ ಶೇ. 40 ಅಪ್ಪನಿಂದ ಬಂದದ್ದು, ಉಳಿದದ್ದು ನನ್ನದು’ ಎಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಂದ ಒಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಹೊಂದಿಕೊಂಡಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಒಂದು ಮಗುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂದೇ ಚೀಲದ ಮಿಶ್ರ ರಾಗಿ ಬೀಜವನ್ನು ಎರಡು ಹೊಲಕ್ಕೆ ಬಿತ್ತಿ. ಗೊಬ್ಬರ, ನೀರು ಸಮನಾಗಿ ಸಿಕ್ಕ ಹೊಲದೊಳಗೆ ಪೈರುಗಳ ನಡುವಿನ ಏರಿಳಿತಕ್ಕೆ ಬೀಜವೇ ಕಾರಣ. ಆದರೆ ಇಡೀ ಹೊಲವೇ ಪಕ್ಕದ ಒಣ ಹೊಲಕ್ಕಿಂತ ಎತ್ತರ ಬಂದಿದ್ದರೆ ಅದು ನೀರಿನ ಕೆಲಸ. ಮನುಷ್ಯರ ಎತ್ತರವೂ ಹೀಗೆಯೇ. ಅದರ ಅನುವಂಶೀಯತಾ ಪ್ರಮಾಣ ಸುಮಾರು ಶೇ. 80. ಆದರೂ ದಕ್ಷಿಣ ಕೊರಿಯಾದ ಮಹಿಳೆಯರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಏರಿತು. ಅಷ್ಟರಲ್ಲಿ ವಂಶವಾಹಿ ಬದಲಾಗಲಿಲ್ಲ, ಊಟ ಮತ್ತು ಆರೋಗ್ಯ ಬದಲಾಯಿತು.

ಇನ್ನು ಸ್ವಭಾವಕ್ಕೂ ಮನೋರೋಗಕ್ಕೂ ಇರುವ ನಂಟು. ವ್ಯಕ್ತಿತ್ವದ ಐದು ಮುಖ್ಯ ಅಂಶಗಳಲ್ಲಿ ನ್ಯೂರೋಟಿಸಿಸಂ ಒಂದು. ಬೇಗ ಕಳವಳಪಡುವ, ಚಿಕ್ಕದಕ್ಕೂ ಮನಸ್ಸಿಗೆ ಹಚ್ಚಿಕೊಳ್ಳುವ ಪ್ರವೃತ್ತಿ ಅದು. 2018ರಲ್ಲಿ ಸುಮಾರು 4.5 ಲಕ್ಷ ಜನರ ಡಿ.ಎನ್.ಎ. ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು ಈ ಗುಣಕ್ಕೆ ಸಂಬಂಧಿಸಿದ 136 ಸ್ಥಾನಗಳನ್ನು ಗುರುತಿಸಿತು. ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ. ಖಿನ್ನತೆ, ಆತಂಕಗಳಿಗೆ ಸಂಬಂಧಿಸಿದ ಆನುವಂಶಿಕ ಅಂಶಗಳಲ್ಲಿ ಹಲವು ಇವೇ. ಅಂದರೆ ‘ಖಿನ್ನತೆಯ ಜೀನ್’ ಎಂಬುದೊಂದು ಇಲ್ಲ. ಸಾವಿರಾರು ಸಣ್ಣ ಸಣ್ಣ ಅಂಶಗಳು ಸೇರಿ ಮನಸ್ಸನ್ನು ಸ್ವಲ್ಪ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ಆ ಸೂಕ್ಷ್ಮತೆ ಎಲ್ಲರಲ್ಲೂ ಕಾಯಿಲೆಯಾಗುವುದಿಲ್ಲ. ನಮ್ಮ ತರಗತಿಯಲ್ಲಿ ಪರೀಕ್ಷೆಗೆ ಮೊದಲು ಹಾಲ್ ಟಿಕೆಟ್ ಮೂರು ಸಲ ನೋಡಿಕೊಳ್ಳುವ ಮಗು ಕಾಯಿಲೆಯ ಮಗುವಲ್ಲ. ಮತ್ತೊಂದು ಮಾತು: ಇಂಥ ಅಧ್ಯಯನಗಳ ಬಹುಪಾಲು ಮಾಹಿತಿ ಯುರೋಪಿಯನ್ ಮೂಲದವರದು. ಆ ಸಂಖ್ಯೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಹಚ್ಚಲಾಗದು.

ಹಳೆಯ ಟಿಪ್ಪಣಿಗಳಲ್ಲಿ ಸೆರೊಟೋನಿನ್ ಸಾಗಣೆಯ ಜೀನ್‌ನ ಕಥೆ ಇರಬಹುದು. ಅದರ ‘ಗಿಡ್ಡ’ ರೂಪ ಆತಂಕದ ಸ್ವಭಾವಕ್ಕೆ ಕಾರಣ ಎಂದು 1996ರಲ್ಲೂ, ಕಷ್ಟ ಎದುರಾದಾಗ ಅದೇ ರೂಪ ಖಿನ್ನತೆಗೆ ದೂಡುತ್ತದೆ ಎಂದು 2003ರಲ್ಲೂ ಪ್ರಬಂಧಗಳು ಬಂದವು. ನಾನೂ ವರ್ಷಗಟ್ಟಲೆ ಅದನ್ನು ಹುರುಪಿನಿಂದ ಕಲಿಸಿದ್ದೇನೆ. 2019ರಲ್ಲಿ ಇಂಥ ಹೆಸರುವಾಸಿ 18 ಜೀನ್‌ಗಳನ್ನು ಲಕ್ಷಾಂತರ ಜನರ ಮಾಹಿತಿಯ ಮೇಲೆ ಪರೀಕ್ಷಿಸಿದಾಗ, ಅವು ಯಾದೃಚ್ಛಿಕವಾಗಿ ಆರಿಸಿದ ಜೀನ್‌ಗಳಿಗಿಂತ ಹೆಚ್ಚೇನೂ ಅಲ್ಲ ಎಂದು ಕಂಡಿತು. ಆ ಪುಟವನ್ನು ಈಗ ತೆಗೆದುಹಾಕಿದ್ದೇನೆ. ಅಂದಹಾಗೆ, ನಾವು ಇಷ್ಟು ನಂಬಿಕೊಂಡ ಕಿವಿಹಾಲೆಯೂ ಒಂದೇ ಜೀನ್‌ನ ಗುಣವಲ್ಲ. 2017ರ ಅಧ್ಯಯನವೊಂದು ಅದಕ್ಕೆ 49 ಸ್ಥಾನಗಳನ್ನು ಗುರುತಿಸಿದೆ.

ಮರುದಿನ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಉತ್ತರವನ್ನು ಮತ್ತೆ ಬರೆದೆವು. ಮೂರು ಸಲ ಹೊಡೆದುಹಾಕಿದ ಮೇಲೆ ಉಳಿದದ್ದು ಇಷ್ಟು: “ಕಾಯಿಲೆಯೇ ನೇರವಾಗಿ ಬರುವುದಿಲ್ಲ. ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೆ. ಒಬ್ಬ ಅವಳಿಗೆ ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆ ಬಂದಾಗಲೂ, ಅದೇ ವಂಶವಾಹಿಗಳಿರುವ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಸಲ, ಇಲ್ಲವೇ ಅದಕ್ಕೂ ಕಡಿಮೆ. ಬಂದರೆ ಚಿಕಿತ್ಸೆ ಇದೆ. ಇದು ಅಮ್ಮನ ತಪ್ಪೂ ಅಲ್ಲ, ಮಕ್ಕಳ ತಪ್ಪೂ ಅಲ್ಲ.” ‘ಸ್ವಲ್ಪ’ ಎಂಬ ಪದದ ಬಗ್ಗೆ ನಮ್ಮಿಬ್ಬರಲ್ಲಿ ವಾದವಾಯಿತು. ಖಿನ್ನತೆ ಇರುವವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಆ ಸಂಭವ ಎರಡರಿಂದ ಮೂರು ಪಟ್ಟು. ಅದನ್ನು ‘ಸ್ವಲ್ಪ’ ಎನ್ನುವುದು ಪ್ರಾಮಾಣಿಕವೇ ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ‘ಸ್ವಲ್ಪ’ವನ್ನು ಹೊಡೆದುಹಾಕಿ, ‘ಹೆಚ್ಚಿರುತ್ತದೆ, ಆದರೆ ಬಂದೇ ಬರುತ್ತದೆ ಎಂದಲ್ಲ’ ಎಂದು ತಿದ್ದಿದೆವು.

ಮುಂದಿನ ಪಾಠದಲ್ಲಿ ಅವರು ಯಾರ ಮುಖವನ್ನೂ ನೋಡದೆ, ಇಡೀ ತರಗತಿಗೆ ಎಂಬಂತೆ, “ನಿನ್ನೆ ನಾನು ಒಂದು ಉತ್ತರ ಅರ್ಧ ಹೇಳಿದ್ದೆ” ಎಂದು ಶುರು ಮಾಡಿದರು. ಹಲಗೆಯ ಮೂಲೆಯಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದರು. ಗಂಟೆ ಹೊಡೆದ ಮೇಲೆ ಹುಡುಗಿ ಮೇಜಿನ ಬಳಿ ಬಂದು, “ದೊಡ್ಡವರೂ ಫೋನ್ ಮಾಡಬಹುದಾ ಸರ್?” ಎಂದಳು. “ಮಾಡಬಹುದಮ್ಮ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.”

ಈ ಘಟಕಕ್ಕೆ ನಾವು ಸಾಮಾನ್ಯವಾಗಿ ಕೊಡುವ ಮನೆಗೆಲಸ ‘ನಿಮ್ಮ ಕುಟುಂಬದ ವಂಶವೃಕ್ಷ ಬರೆದು ಗುಣಗಳನ್ನು ಗುರುತಿಸಿ’ ಎಂಬುದು. ಅದರಲ್ಲಿ ಕಾಯಿಲೆ, ಸಿಟ್ಟು, ಕುಡಿತ ಇಂಥವನ್ನು ಕೇಳಬೇಡಿ. ದತ್ತು ಮಕ್ಕಳೂ, ಅಪ್ಪ ಅಮ್ಮನನ್ನು ಕಳೆದುಕೊಂಡವರೂ ತರಗತಿಯಲ್ಲಿರುತ್ತಾರೆ. ಬಟಾಣಿ ಗಿಡದ ಅಥವಾ ಕಲ್ಪಿತ ಕುಟುಂಬವೊಂದರ ವಂಶವೃಕ್ಷ ಕೊಟ್ಟರೂ ಪಾಠದ ಉದ್ದೇಶ ಈಡೇರುತ್ತದೆ. ಈ ವರ್ಷದಿಂದ ನಮ್ಮ ಪಾಠಯೋಜನೆಯ ಮಾದರಿಯಲ್ಲಿ ಆ ಸಾಲನ್ನು ಬದಲಾಯಿಸಿದ್ದೇವೆ.