ಜೇಬಿನ ಚಾಕು ಮತ್ತು ಕಾನೂನು: ಇಂಚಿನ ಲೆಕ್ಕವೊಂದೇ ಸಾಲದು

‘ಒಂಬತ್ತು ಇಂಚಿನೊಳಗಿದ್ರ ಏನೂ ಆಗಂಗಿಲ್ಲ ಬಿಡ್ರೀ.’ ಮಡಚುವ ಚಾಕು ಕೊಳ್ಳುವಾಗ ಹೊಸಪೇಟೆ ಸೀಮೆಯಲ್ಲಿ ಕಿವಿಗೆ ಬೀಳುವ ಮಾತಿದು. ಮಾತಿಗೆ ಆಧಾರವಿದೆ, ಆದರೆ ಅರ್ಧ ಮಾತ್ರ. ಉಳಿದರ್ಧ ತಿಳಿಯದ ಕಾರಣಕ್ಕೆ ಕಂಪ್ಲಿಯ ಬಾಳೆ ತೋಟದ ಹುಡುಗನೋ, ಸಂಡೂರಿನ ವೈರಿಂಗ್ ಕೆಲಸದವನೋ, ಹಂಪಿಯ ಗೈಡೋ ಠಾಣೆಯ ಬೆಂಚಿನ ಮೇಲೆ ಕೂರುವಂತಾಗಬಾರದು.

ಮೊದಲು ಆ 9 ಇಂಚು ಎಲ್ಲಿಂದ ಬಂತು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗಷ್ಟೇ ಸೀಮಿತವಲ್ಲ. ದಾಳಿಗೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ಹರಿತವಾದ ವಸ್ತುಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ತಯಾರಾದವು ಮಾತ್ರ ಹೊರಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯ 5ನೇ ವರ್ಗದಲ್ಲಿ ಕತ್ತಿ, ಗುಪ್ತಿ, ಬಾಕು, ಭರ್ಜಿಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನೂ ಸೇರಿಸಲಾಗಿದೆ. ಇಲ್ಲಿಯೂ ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ತಯಾರಾದವಕ್ಕೆ ವಿನಾಯಿತಿ ಇದೆ. ಇಂಥ ಹರಿತ ಆಯುಧಗಳ ತಯಾರಿಕೆ, ಮಾರಾಟಗಳಿಗೆ ಪರವಾನಗಿ ಬೇಕು. ಸುಮ್ಮನೆ ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದು ಕೇಂದ್ರ ಸರ್ಕಾರ ಕಾಯ್ದೆಯ ಕಲಂ 4ರಡಿ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ಹಾಗಾಗಿ ಹಣ್ಣು ಹೆಚ್ಚುವ, ಹಗ್ಗ ಕೊಯ್ಯುವ 3 ಇಂಚಿನ ಮಡಚುವ ಚಾಕುವಿಗೆ ಲೈಸೆನ್ಸ್ ಕೇಳುವ ಪ್ರಶ್ನೆ ಬರುವುದಿಲ್ಲ. ಆದರೆ ಊರು ಬದಲಾದರೆ ಅಳತೆಯೂ ಬದಲಾಗಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಲೆಕ್ಕ ಹಿಡಿದಿದೆ. ರೈಲು ಹತ್ತುವ ಮುನ್ನ ಇದು ನೆನಪಿರಲಿ.

ಈಗ ಆಯ್ಕೆಯ ಮಾತು. ನನ್ನ ಸಲಹೆ ಖಚಿತ: ಅಲಗು 3 ಇಂಚು ಮೀರಬಾರದು, ಒಂದೇ ಬದಿ ಹರಿತವಿರಬೇಕು, ಉಗುರು ಸಿಕ್ಕಿಸಿ ಎರಡೂ ಕೈಯಿಂದ ಬಿಡಿಸುವಂತಿರಬೇಕು. ಗುಂಡಿ ಒತ್ತಿದೊಡನೆ ಚಂಗನೆ ತೆರೆದುಕೊಳ್ಳುವ ಬಟನ್ ಚಾಕು ಬೇಡವೇ ಬೇಡ. ಅದರಿಂದ ಮಾವಿನಹಣ್ಣು ಹೆಚ್ಚುತ್ತೇನೆಂದರೆ ನಂಬುವ ಪೊಲೀಸರೂ ಸಿಗಲಾರರು, ನ್ಯಾಯಾಧೀಶರೂ ಸಿಗಲಾರರು. ಬೆರಳು ತೂರಿಸುವ ಹಿಡಿ, ಎರಡೂ ಕಡೆ ಹರಿತ, ಸೈನಿಕರ ಚಾಕುವಿನ ಹಾಗೆ ಕಾಣಿಸುವ ಕಪ್ಪು ಅಲಗು, ಇವೆಲ್ಲ ‘ಆಯುಧವಾಗಿ ರೂಪಿಸಿದ್ದು’ ಎಂಬ ವಾದಕ್ಕೆ ನೀವೇ ಒದಗಿಸುವ ಸಾಕ್ಷ್ಯ. ತೋಟದ ಕೆಲಸಕ್ಕಾದರೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಬಾಳೆಯ ಸೊನೆಗೆ ಸಾದಾ ಉಕ್ಕು ಬೇಗ ಕಪ್ಪಾಗುತ್ತದೆ. ಬಿಗಿಯಾದ ಹಗ್ಗ ಕೊಯ್ಯುವವರಿಗೆ ಅಲಗು ಲಾಕ್ ಆಗುವ ಚಾಕು ಬೆರಳಿಗೆ ಕ್ಷೇಮ. ಲಾಕ್ ಇದೆಯೋ ಇಲ್ಲವೋ ಎಂದು ನಮ್ಮ ಶಸ್ತ್ರಾಸ್ತ್ರ ಕಾಯ್ದೆ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಕೇಳುತ್ತದೆ: ಅಲ್ಲಿ 3 ಇಂಚಿನೊಳಗಿನ, ಲಾಕ್ ಇಲ್ಲದ ಮಡಚುವ ಚಾಕುವನ್ನು ಮಾತ್ರ ಕಾರಣ ಹೇಳದೆ ಜೇಬಿನಲ್ಲಿಡಬಹುದು. ವಿದೇಶದ ವಿಡಿಯೊ ನೋಡಿ ಇಲ್ಲಿನ ಕಾನೂನು ತಿಳಿಯಿತೆಂದುಕೊಳ್ಳುವವರು ಈ ವ್ಯತ್ಯಾಸ ಗಮನಿಸಬೇಕು. ಕೊಂಡಾಗ ಬಿಲ್ಲು ಕೇಳಿ ಪಡೆಯಿರಿ. ಸೊಂಟಕ್ಕೋ ಕಾಲುಚೀಲಕ್ಕೋ ಸಿಕ್ಕಿಸಬೇಡಿ. ಕೆಲಸದ ಚೀಲದಲ್ಲಿ ಇಕ್ಕಳ, ಟೇಪು, ಸ್ಕ್ರೂಡ್ರೈವರ್‌ಗಳ ಜೊತೆಗಿರಲಿ.

ಇನ್ನು ನಮ್ಮ ಭಾಗಕ್ಕೇ ವಿಶೇಷವಾದ ತೊಡಕು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಅದರೊಳಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿ ಸೇತುವೆ ದಾಟಿ ಗಂಗಾವತಿ ಕಡೆ ಹೊರಟರೆ, ಅಥವಾ ಹಂಪಿಯಿಂದ ಹೊಳೆ ದಾಟಿ ಆನೆಗೊಂದಿಗೆ ಹೋದರೆ ಕೊಪ್ಪಳ ಜಿಲ್ಲೆ. ಒಂದೇ ದಿನದ ವ್ಯವಹಾರದಲ್ಲಿ ಒಬ್ಬ ಬಾಳೆ ವ್ಯಾಪಾರಿ ಮೂವರು ಜಿಲ್ಲಾ ದಂಡಾಧಿಕಾರಿಗಳ ವ್ಯಾಪ್ತಿಯಲ್ಲಿ ಓಡಾಡಿಬಿಡಬಹುದು. ಇದೇಕೆ ಮುಖ್ಯವೆಂದರೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 35ರಡಿ ಶಾಂತಿ ಕಾಪಾಡಲು ಚಾಕು, ದೊಣ್ಣೆ, ಲಾಠಿ ಹಿಡಿದು ಓಡಾಡುವುದನ್ನು ಅವರು ನಿಷೇಧಿಸಬಹುದು. ಇನ್ನೊಂದು ದಾರಿ, ಹಿಂದೆ 144 ಎಂದು ಕರೆಯುತ್ತಿದ್ದ ನಿಷೇಧಾಜ್ಞೆ; ಅದೀಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಅದರ ಆಯುಷ್ಯ ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಚುನಾವಣೆ, ಗಣೇಶ ವಿಸರ್ಜನೆ, ಮೊಹರಂ, ಪರೀಕ್ಷಾ ಕೇಂದ್ರದ ಸುತ್ತಲಿನ ಪ್ರದೇಶ, ಇಂಥ ಕಡೆ ಈ ಆಜ್ಞೆಗಳು ಬರುತ್ತಿರುತ್ತವೆ. ಆಜ್ಞೆಯಲ್ಲಿ ಚಾಕು ಎಂದು ಬರೆದಿದ್ದರೆ ನಿಮ್ಮದು 2 ಇಂಚಿನದಾದರೂ ಚಾಕುವೇ. ಜಾರಿಯಲ್ಲಿರುವಾಗ ಅದು ಮನೆಯಲ್ಲೇ ಇರಲಿ. ಕಸುಬಿಗೆ ಬೇಕೇ ಬೇಕಾದವರು ಆಜ್ಞೆಯ ಪ್ರತಿ ನೋಡಿ, ವಿನಾಯಿತಿ ಇದೆಯೇ ಎಂದು ಠಾಣೆಯಲ್ಲಿ ವಿಚಾರಿಸಬೇಕು. ಆಜ್ಞೆ ಗುಟ್ಟಿನ ಕಾಗದವಲ್ಲ. ಅದನ್ನು ಪ್ರಕಟಿಸುವುದು ಆಡಳಿತದ ಹೊಣೆ, ಕೇಳಿ ತಿಳಿಯುವುದು ನಿಮ್ಮ ಹಕ್ಕು. ಇದರ ಜೊತೆಗೆ ಪೊಲೀಸ್ ಕಾಯ್ದೆಯ ಕಲಂ 96 ಇದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಪರಾಧದ ಉದ್ದೇಶದಿಂದ ಅಪಾಯಕಾರಿ ಸಾಧನ ಹಿಡಿದು ಅನುಮಾನಾಸ್ಪದವಾಗಿ ಸಿಕ್ಕಿಬಿದ್ದವರಿಗೆ ಅದು ಅನ್ವಯವಾಗುತ್ತದೆ.

ಕಮಲಾಪುರದ ಬಳಿಯ ದರೋಜಿ ಕರಡಿಧಾಮದ ವಿಷಯ ತೀರ ಕಡಿಮೆ ಜನರಿಗೆ ಗೊತ್ತು. 1994ರಲ್ಲಿ ಘೋಷಣೆಯಾದ ವನ್ಯಜೀವಿಧಾಮವದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಯುಧ’ ಎಂಬುದರ ವ್ಯಾಖ್ಯೆಯಲ್ಲಿ ಬಲೆ, ಉರುಳು, ಬಿಲ್ಲುಬಾಣಗಳ ಜೊತೆ ಚಾಕುವನ್ನೂ ಹೆಸರಿಸಿದೆ, ಇಂಚಿನ ಲೆಕ್ಕವಿಲ್ಲದೆ. ಕಲಂ 31ರ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಧಾಮದೊಳಗೆ ಕಾಲಿಡುವಂತಿಲ್ಲ. ಹಣ್ಣು ಹೆಚ್ಚಲೆಂದು ತಂದ ಚಾಕು ಪ್ರವೇಶದ್ವಾರದಿಂದ ಹೊರಗೇ ಉಳಿಯಲಿ.

ಹಂಪಿಯಲ್ಲಿ ಮಾತೇ ಬೇರೆ. ಅಲ್ಲಿ ಚಾಕುವಿನ ಅಪಾಯ ಮನುಷ್ಯರಿಗಿಂತ ಕಲ್ಲಿಗೆ. ಕಂಬದ ಮೇಲೆ ಹೆಸರು ಕೆತ್ತುವ ಚಾಳಿ ಕಂಡಾಗ ಹೊಟ್ಟೆಯುರಿಯುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ವಿರೂಪಗೊಳಿಸಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಕಲಂ 30ರಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರಲ್ಲಿ ಹಂಪಿಯ ಕಂಬ ಉರುಳಿಸಿ ವಿಡಿಯೊ ಮಾಡಿಕೊಂಡಿದ್ದ ನಾಲ್ವರು ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರಿಂದಲೇ ಕಂಬವನ್ನು ಮತ್ತೆ ನಿಲ್ಲಿಸಿತ್ತು. ಹಂಪಿ ನೋಡಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಸಾಮಾನಿನಲ್ಲಿಡಬೇಕು.

‘ಆತ್ಮರಕ್ಷಣೆಗೆ ಇರಲಿ’ ಎಂದು ಚಾಕು ಕೊಳ್ಳುವವರಿಗೆ, ಮುಖ್ಯವಾಗಿ ಹರೆಯದ ಹುಡುಗರಿಗೆ, ಕಳಕಳಿಯಿಂದ ಹೇಳುತ್ತೇನೆ: ಬೇಡ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಟ್ಟಿವೆ ನಿಜ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಹುಟ್ಟುವುದಿಲ್ಲ. ಬಸ್ ಸ್ಟ್ಯಾಂಡಿನ ಕೈ ಕೈ ಮಿಲಾಯಿಸುವ ಜಗಳದಲ್ಲಿ ಚಾಕು ಹೊರಬಿದ್ದು ಗಾಯವಾದರೆ ಕಲಂ 118ರಡಿ ಮೂರು ವರ್ಷದವರೆಗೆ ಜೈಲು. ಗಾಯ ತೀವ್ರವಾದರೆ ಜೀವಾವಧಿಯವರೆಗೂ ಹೋಗುತ್ತದೆ. ಮೇಲಾಗಿ ‘ರಕ್ಷಣೆಗೆ ಇಟ್ಟುಕೊಂಡಿದ್ದೆ’ ಎಂಬ ನಿಮ್ಮ ಮಾತೇ ಆ ಮಡಚುವ ಚಾಕುವನ್ನು ಮನೆಬಳಕೆಯ ಸಾಮಾನಿನ ಸಾಲಿನಿಂದ ಆಯುಧದ ಸಾಲಿಗೆ ಸರಿಸಿಬಿಡಬಹುದು. ಭಯವಿದ್ದರೆ 112ಕ್ಕೆ ಕರೆ ಮಾಡಿ.

ನಾಕಾಬಂದಿಯಲ್ಲಿ ತಡೆದರೆ ವಾದಕ್ಕಿಳಿಯಬೇಡಿ, ಚಾಕು ತೆಗೆದು ತೋರಿಸಲೂ ಹೋಗಬೇಡಿ. ‘ಸರ್, ಚೀಲದಾಗ ಕೆಲಸದ ಚಾಕು ಐತ್ರಿ’ ಎಂದು ಮೊದಲೇ ಹೇಳಿ, ಏನು ಕೆಲಸ, ಎಲ್ಲಿಗೆ ಹೊರಟಿದ್ದೀರಿ ಎಂದು ನೇರವಾಗಿ ತಿಳಿಸಿ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳೆಯೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕು. ಜಪ್ತಿ ಮಾಡಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಆ ಪ್ರಕ್ರಿಯೆ, ಪಟ್ಟಿ ತಯಾರಿ, ಸಾಕ್ಷಿಗಳ ಸಹಿ ಎಲ್ಲವೂ ವಿಡಿಯೊ ಆಗಬೇಕು. ಪಂಚನಾಮೆಯಲ್ಲಿ ಅಲಗಿನ ಉದ್ದ, ಅಗಲ ಸರಿಯಾಗಿ ಬರೆದಿದೆಯೇ ಎಂದು ಓದದೆ ಸಹಿ ಹಾಕಬೇಡಿ. ಮುಂದೆ ಇಡೀ ಪ್ರಕರಣ ಅದರ ಮೇಲೆ ನಿಂತೀತು. ಬಂಧಿಸಿದರೆ ಕಾರಣ ತಿಳಿಸಬೇಕು, ನೀವು ಹೇಳಿದ ಬಂಧುವಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು, ನಿಮ್ಮಿಂದ ತೆಗೆದುಕೊಂಡ ವಸ್ತುಗಳಿಗೆ ರಸೀದಿ ಕೊಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನ ಅಗತ್ಯವಿಲ್ಲದ ಕಡೆ ಅದೇ ಸಂಹಿತೆಯ ಕಲಂ 35ರಡಿ ನೋಟಿಸು ಕೊಟ್ಟು ಕಳಿಸಲು ಅವಕಾಶವಿದೆ. ನೋಟಿಸು ಬಂದರೆ ತಪ್ಪದೆ ಹಾಜರಾಗಿ. 60 ದಾಟಿದವರನ್ನು ಅಥವಾ ಅಶಕ್ತರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಬಂಧಿಸಬೇಕಾದರೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಹೊಲಕ್ಕೆ ಹೊರಟ ಹಿರಿಯರ ಮನೆಯವರು ಇದನ್ನು ತಿಳಿದಿರಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಪ್ರಕರಣ ನ್ಯಾಯಾಲಯದಲ್ಲಿ ನಡೆಯುತ್ತಿರುವಾಗ ಜಪ್ತಿಯಾದ ಉಪಕರಣಗಳನ್ನು ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರಡಿ, ವಸ್ತು ಇನ್ನೂ ನ್ಯಾಯಾಲಯದ ಮುಂದೆ ಬಂದಿಲ್ಲದಿದ್ದರೆ ಕಲಂ 503ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಒಂದು ಸಣ್ಣ ಚಾಕುವಿಗಾಗಿ ಇಷ್ಟು ಓಡಾಟ ಬೇಡವೆನಿಸಬಹುದು. ಆದರೆ ಪೊಲೀಸರು ಕೆಲಸದ ಚೀಲವನ್ನೇ ಒಯ್ದಿದ್ದರೆ ಅರ್ಜಿಯ ಜೊತೆ ಠಾಣೆಯ ರಸೀದಿ ಮತ್ತು ಅಂಗಡಿಯ ಬಿಲ್ಲನ್ನು ಲಗತ್ತಿಸಿ.