ಚಳಿಗಾಲದಲ್ಲಿ ಮನೆಯೊಳಗೆ ಸುವಾಸನೆಯ ಗಡ್ಡೆ ಹೂಗಳು



ಕಳೆದ ಚಳಿಗಾಲದಲ್ಲಿ ನಮ್ಮ ಸಭಾಸದರೊಬ್ಬರು ಒಂದು ಕುಂಡವನ್ನು ಗಟ್ ಆಫೀಸಿಗೆ ಹೊತ್ತು ತಂದರು. ಪುಣೆಯಿಂದ ಮಗಳು ತಂದಿದ್ದ ಹಯಸಿಂತ್ ಗಡ್ಡೆಗಳನ್ನು ಅದರಲ್ಲಿ ಹೂಳಿ, ತಿಪ್ಪೆಗೊಬ್ಬರದ ಮೇಲೆ ಒಂದು ಹಿಡಿ ಯೂರಿಯಾ ಹಾಕಿ, ದಿನಾಲೂ ನೀರುಣಿಸಿದ್ದರು. ಗಡ್ಡೆಗಳೆಲ್ಲ ಕೊಳೆತಿದ್ದವು. “ಸಾಹೇಬರ, ಕಬ್ಬಿಗಿಂತ ಹೆಚ್ಚು ಜೋಪಾನ ಮಾಡೀನಿ” ಅಂದರು. ಆ ಜೋಪಾನವೇ ಮುಳುವಾಗಿತ್ತು.

ಇಂಥ ಗಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಉಳ್ಳಾಗಡ್ಡಿಯಂತೆಯೇ ಪದರುಗಳಿರುತ್ತವೆ. ಅವೇ ಅದರ ಕಣಜ. ನಡುವೆ ಹೂವಿನ ಮೊಗ್ಗು ಮೊದಲೇ ತಯಾರಾಗಿರುತ್ತದೆ. ಕಬ್ಬಿನ ತುಂಡು ತನ್ನೊಳಗಿನ ಆಹಾರದ ಮೇಲೆಯೇ ಮೊಳೆಯುವ ಹಾಗೆ, ಗಡ್ಡೆಯೂ ಬರಿಯ ನೀರಿನ ಮೇಲೆ ಹೂ ಬಿಡಬಲ್ಲದು. ಆದ್ದರಿಂದ ಗೊಬ್ಬರ ಬೇಡವೇ ಬೇಡ. ಭೇದವಿರುವುದು ಉಷ್ಣತೆಯಲ್ಲಿ. ಕಬ್ಬಿನ ಕಣ್ಣು ಚೆನ್ನಾಗಿ ಒಡೆಯಲು 26ರಿಂದ 33 ಡಿಗ್ರಿ ಸೆಲ್ಸಿಯಸ್ ಬೇಕು; ಚಳಿಯಲ್ಲಿ ನೆಟ್ಟ ಸುರು ಕಬ್ಬು ನಿಧಾನವಾಗಿ ಮೊಳೆಯುವುದನ್ನು ತಾವೆಲ್ಲ ಕಂಡಿದ್ದೀರಿ. ಹಯಸಿಂತ್‌ನದು ತದ್ವಿರುದ್ಧ. ಸುಮಾರು 12 ವಾರ 5ರಿಂದ 9 ಡಿಗ್ರಿ ಚಳಿ ತಿಂದ ಮೇಲೆಯೇ ಅದರ ಹೂದಂಟು ಸರಿಯಾಗಿ ಏಳುತ್ತದೆ. ಚಳಿ ಕಡಿಮೆಯಾದರೆ ಹೂ ಎಲೆಗಳ ನಡುವೆಯೇ ಕುಳ್ಳಾಗಿ ಸಿಕ್ಕಿಕೊಳ್ಳುತ್ತದೆ. (ಹಯಸಿಂತ್ ಎಂದರೆ ಕೆರೆ ತುಂಬುವ ಅಂತರಗಂಗೆಯಲ್ಲ, ಹೆಸರಷ್ಟೇ ಹತ್ತಿರ.)

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಚಳಿ ಅದಕ್ಕೆ ಸಾಲದು. ಮನೆಯಲ್ಲಿ ಫ್ರಿಜ್ ಇದ್ದವರು ದಸರೆಯ ಹೊತ್ತಿಗೆ ತೂತು ಮಾಡಿದ ಕಾಗದದ ಚೀಲದಲ್ಲಿ ಗಡ್ಡೆಗಳನ್ನಿಟ್ಟು, ಸಿದ್ಧರಾಮೇಶ್ವರ ಜಾತ್ರೆಯ ಹೊತ್ತಿಗೆ ಹೊರತೆಗೆಯಬಹುದು. ಐಸ್ ಕಟ್ಟುವ ಖಾನೆಯಲ್ಲಿ ಇಡಬಾರದು. ಬಾಳೆ, ಸೇಬುಗಳ ಜೊತೆಗೂ ಬೇಡ. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲವು ಒಳಗಿನ ಮೊಗ್ಗನ್ನೇ ಕೆಡಿಸುತ್ತದೆ. ತೆಗೆದ ಗಡ್ಡೆಯನ್ನು ಕಿರಿದಾದ ಬಾಯಿಯ ಗಾಜಿನ ಪಾತ್ರೆಯ ಮೇಲೆ ಕೂಡಿಸಿ, ನೀರು ಗಡ್ಡೆಯ ತಳಕ್ಕಿಂತ ಒಂದು ಕೂದಲೆಳೆ ಕೆಳಗಿರುವಂತೆ ತುಂಬಬೇಕು. ತಳ ನೀರಿನಲ್ಲಿ ಮುಳುಗಿದರೆ ಕೊಳೆಯಿತೆಂದೇ ತಿಳಿಯಿರಿ. ಮೊಳಕೆ ಎರಡು ಇಂಚು ಆಗುವವರೆಗೆ ಮನೆಯ ತಣ್ಣನೆಯ ಕತ್ತಲೆ ಮೂಲೆ, ಆಮೇಲೆ ಕಿಟಕಿ.

ಇಷ್ಟೆಲ್ಲ ಖಟಪಟಿ ಬೇಡವೆಂದರೆ ನರ್ಗಿಸ್ ಜಾತಿಯ ಪೇಪರ್‌ವೈಟ್ ಗಡ್ಡೆ ತನ್ನಿ. ನನ್ನ ಶಿಫಾರಸು ಅದಕ್ಕೇ. ಅದು ಭೂಮಧ್ಯ ಸಮುದ್ರದ ಸುತ್ತಿನದು; ಚಳಿ ತಿನ್ನಿಸುವ ಅವಶ್ಯಕತೆಯಿಲ್ಲ. ಬಟ್ಟಲಿನಲ್ಲಿ ಹಳ್ಳದ ಬೆಣಚುಕಲ್ಲು ಹಾಕಿ, ಅದರಲ್ಲಿ ಗಡ್ಡೆ ಊರಿ, ತಳದವರೆಗೆ ಮಾತ್ರ ನೀರಿಟ್ಟರೆ ನಾಲ್ಕರಿಂದ ಆರು ವಾರಗಳಲ್ಲಿ ಬಿಳಿ ಹೂಗೊಂಚಲು ಬರುತ್ತದೆ. ವಾಸನೆ ಬಲು ಜೋರು; ಮಲಗುವ ಕೋಣೆಯಲ್ಲಿ ಕೆಲವರಿಗೆ ತಲೆನೋವು ತರುತ್ತದೆ. ದಂಟು ಉದ್ದವಾಗಿ ವಾಲುವುದೇ ಇದರ ದೋಷ. ಬೇರು ಬಿಟ್ಟ ಮೇಲೆ ನೀರಿನಲ್ಲಿ ಶೇಕಡಾ 4ರಿಂದ 6 ಮದ್ಯಸಾರ ಬೆರೆಸಿದರೆ ದಂಟು ಗಿಡ್ಡಾಗಿ ಗಟ್ಟಿಯಾಗುತ್ತದೆಂದು ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಯೋಗದಿಂದ ತೋರಿಸಿದ್ದಾರೆ. ಈ ನೆಪದಲ್ಲಿ ಯಾರೂ ಡಿಸ್ಟಿಲರಿ ಗೇಟಿಗೆ ಬರತಕ್ಕದ್ದಲ್ಲ.

ಹೊಲದಲ್ಲಿ ನಿಶಿಗಂಧ ಬೆಳೆಯುವವರು ಅದರ ಗಡ್ಡೆಯನ್ನು ಫ್ರಿಜ್ಜಿಗೆ ಹಾಕಬೇಡಿ. ಅದು ಮೆಕ್ಸಿಕೋ ಮೂಲದ್ದು, ಬಿಸಿಲಿನ ಗಿಡ.

ಇನ್ನು ತಾಯಂದಿರು ಲಕ್ಷ್ಯಗೊಟ್ಟು ಓದಬೇಕಾದ ಮಾತು. ನಮ್ಮದು ಉಳ್ಳಾಗಡ್ಡಿಯ ನಾಡು. ಮನೆಯ ಮೂಲೆಯಲ್ಲಿ ಉಳ್ಳಾಗಡ್ಡಿ ಬುಟ್ಟಿ ಇದ್ದೇ ಇರುತ್ತದೆ. ನರ್ಗಿಸ್ ಗಡ್ಡೆ ನೋಡಲು ಅದರಂತೆಯೇ ಇದ್ದರೂ ಲೈಕೋರಿನ್ ಎಂಬ ವಿಷ ಅದರಲ್ಲಿದೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಕುದಿಸಿದರೂ ತಿನ್ನಲು ಯೋಗ್ಯವಾಗುವುದಿಲ್ಲ. ಹಯಸಿಂತ್ ಗಡ್ಡೆ ಮುಟ್ಟಿದರೆ ಕೈ ತುರಿಸುತ್ತದೆ, ಅದೂ ತಿನ್ನತಕ್ಕದ್ದಲ್ಲ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಅಡುಗೆ ಸಾಮಾನಿನಿಂದ ದೂರವಿಡಿ. ಫ್ರಿಜ್ಜಿನಲ್ಲಿಟ್ಟರೆ ಮನೆಯವರೆಲ್ಲರಿಗೂ ಹೇಳಿ ಇಡಿ. ಯಾರಾದರೂ ತಿಂದದ್ದು ಗೊತ್ತಾದರೆ ಉಳಿದ ತುಂಡನ್ನು ಹಿಡಿದುಕೊಂಡೇ ದವಾಖಾನೆಗೆ ಹೋಗಿ.

ನೀರಿನಲ್ಲಿ ಹೂ ಬಿಟ್ಟ ಪೇಪರ್‌ವೈಟ್ ಗಡ್ಡೆಯ ಕಣಜ ಬರಿದಾಗಿರುತ್ತದೆ. ಮರುವರ್ಷಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣೆಳೆಯಿರಿ. ದನದ ಗ್ವಾದಲಿಯ ಹತ್ತಿರ ಮಾತ್ರ ಎಸೆಯಬೇಡಿ.