ಹಸಿರು ದೀಪವನ್ನು ನಂಬಿದ ದಿನ

ತಂಗೀ,

ಮೊನ್ನೆ ಬೈಲಹೊಂಗಲದ ಮದುವೆಯಲ್ಲಿ ಊಟಕ್ಕೆ ಕೂತಾಗ ನಿನಗೊಂದು ಫೋನ್ ಬಂತು. ನೀನು ಎಡಗೈಯಲ್ಲಿ ಮೊಬೈಲ್ ಹಿಡಿದು, ಬ್ರೌಸರ್ ತೆರೆದು ನೋಡಿ, "ಫೀಡರ್ ಬಂದ್ ತೋರಸಾಕತ್ತೈತಿ, ಕಂಬ ಹತ್ರಿ" ಅಂದೆ. ಆ ಕಡೆ ಇದ್ದವನು ಲೈನ್‌ಮನ್ ಎಂದು ನನಗೆ ಗೊತ್ತಾಯಿತು. ಎಲೆಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು. ಅಷ್ಟು ಜನರ ನಡುವೆ ಏನೂ ಅನ್ನಬಾರದೆಂದು ಸುಮ್ಮನಿದ್ದೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೆ ಹೊಸದಾಗಿ ಕರೆಂಟಿನ ಈ ಕೆಲಸಕ್ಕೆ ಸೇರಿದ ಮಕ್ಕಳೂ ಓದಲಿ.

ಹುಬ್ಬಳ್ಳಿಯ ಕಂಟ್ರೋಲ್ ರೂಮೋ, ಸವದತ್ತಿ ಕಡೆಯ ಸಬ್‌ಸ್ಟೇಷನ್ನೋ, ಯಾವುದಕ್ಕೆ ಹೋಗಲಿ ಎಂದು ಕೇಳಿದ್ದೆಯಲ್ಲ. ಎರಡಕ್ಕೂ ಅದರದರ ಗುಣವಿದೆ, ನಾನು ಯಾವುದನ್ನೂ ಹಳಿಯುವುದಿಲ್ಲ. ಆದರೆ ಮೊದಲು ನನ್ನ ಕಾಲದ್ದಷ್ಟು ಕೇಳು.

ನಾನು ಸೇರಿದಾಗ ಅದಿನ್ನೂ ವಿದ್ಯುತ್ ಮಂಡಳಿ. 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಹೆಸ್ಕಾಂ ಬಂತು. ಬೋರ್ಡು ಬದಲಾಯಿತೇ ಹೊರತು ನಮ್ಮ ಲಾಗ್ ಶೀಟ್ ಬದಲಾಗಲಿಲ್ಲ. ತಾಸಿಗೊಮ್ಮೆ ಎದ್ದು 110 ಕೆವಿ ವೋಲ್ಟೇಜ್, ಒಂದೊಂದು ಫೀಡರ್‌ನ ಆಂಪಿಯರ್, ಟ್ರಾನ್ಸ್‌ಫಾರ್ಮರ್‌ನ ಎಣ್ಣೆಯ ಬಿಸಿ, ಎಲ್ಲ ಬರೆಯಬೇಕು. ಬರೆದದ್ದನ್ನು ಕ್ಯಾರಿಯರ್ ಫೋನಿನಲ್ಲಿ ಹೇಳಬೇಕು, ಅತ್ತಣ ಸ್ಟೇಷನ್ನಿನವನದ್ದನ್ನು ಕೇಳಬೇಕು. ಆ ಫೋನಿಗೆ ಬೇರೆ ತಂತಿ ಇರಲಿಲ್ಲ. ಕರೆಂಟ್ ಹರಿಯುವ ಅದೇ ಹೈಟೆನ್ಶನ್ ತಂತಿಯ ಮೇಲೆಯೇ ನಮ್ಮ ಮಾತೂ ಹೋಗುತ್ತಿತ್ತು. ಅಂಕಿಯ ಹಿಂದೆ ಒಬ್ಬ ಮನುಷ್ಯನ ದನಿ ಇರುತ್ತಿತ್ತು, ಯವ್ವಾ. ಅವನಿಗೆ ನಿದ್ದೆ ಬಂದಿದೆಯೋ, ಹೆದರಿದ್ದಾನೋ ತಿಳಿಯುತ್ತಿತ್ತು. ರೀಡಿಂಗ್ ಮುಗಿಸಿ ಅವನು "ರಾಮದುರ್ಗದ ಕಡೆ ಮಿಂಚಾಕತ್ತೈತಿ" ಅಂದರೆ ಇತ್ತ ನಾವು ಎದ್ದು ಕೂರುತ್ತಿದ್ದೆವು.

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬಂದಾಗ ರಾತ್ರಿಯಿಡೀ ಲೋಡ್ ಇಳಿಯುತ್ತಲೇ ಇರಲಿಲ್ಲ. ಬೆಳಗಿನ ಜಾವ ಮಲಪ್ರಭೆಯ ದಂಡೆಯ ಪಂಪ್‌ಸೆಟ್‌ಗಳು ಒಮ್ಮೆಲೇ ಎದ್ದಾಗ ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗುಟ್ಟುವಿಕೆ ದಪ್ಪವಾಗುತ್ತಿತ್ತು. ಮೀಟರ್ ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಆ ಕಿವಿ ಬರಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನು ಹೇಳಬೇಕಾದದ್ದನ್ನು ನಿನ್ನ ಅವ್ವನಿಗೂ ಪೂರ್ತಿ ಹೇಳಿಲ್ಲ. ಅದು ನಡೆದದ್ದು ಯಾವ ಸ್ಟೇಷನ್ನಿನಲ್ಲಿ ಎಂದು ಕೇಳಬೇಡ. ಒಂದು ಮಧ್ಯಾಹ್ನ 11 ಕೆವಿ ಫೀಡರ್ ಮೇಲೆ ಕಂಬದ ಕೆಲಸವಿತ್ತು. ಮಗ್ಗದವರು, ಕಬ್ಬಿಗೆ ನೀರು ಬಿಡುವವರು, ಎಲ್ಲರೂ ಫೋನ್ ಮಾಡಿ ಮಾಡಿ ತಲೆ ತಿನ್ನುತ್ತಿದ್ದರು. ಬ್ರೇಕರ್ ತೆಗೆದೆ. ಪ್ಯಾನೆಲ್ ಮೇಲೆ ಕೆಂಪು ಆರಿ ಹಸಿರು ಹತ್ತಿತು. ಯಾರ್ಡಿಗೆ ಹೋಗಿ ಐಸೊಲೇಟರ್ ಬಿಚ್ಚಬೇಕಿತ್ತು, ಮೂರೂ ಅಲಗುಗಳು ದೂರ ನಿಂತಿವೆಯೇ ಎಂದು ಕಣ್ಣಾರೆ ನೋಡಬೇಕಿತ್ತು. ಹೋಗಲಿಲ್ಲ. ಕೆಲಸಕ್ಕೆ ಅನುಮತಿ ಕೊಡುವ ಲೈನ್ ಕ್ಲಿಯರ್ ಪುಸ್ತಕದಲ್ಲಿ ಸಹಿ ಹಾಕಿ ಕೊಟ್ಟೆ. ಆ ಬ್ರೇಕರ್ ಒಳಗೆ ಒಂದು ಫೇಸಿನ ರಾಡ್ ಮುರಿದಿತ್ತು. ಎರಡು ಫೇಸ್ ಬಿಟ್ಟಿದ್ದವು, ಮೂರನೆಯದು ಹಿಡಿದೇ ಇತ್ತು. ಅತ್ತ ಲೈನ್‌ಮನ್ ಕೂಡ ಅವಸರದಲ್ಲಿ ಅರ್ಥಿಂಗ್ ರಾಡ್ ಹಾಕದೆ ಕಂಬ ಹತ್ತಿದ. ಅವನು ಬದುಕಿದ. ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು.

ಆಸ್ಪತ್ರೆಯಿಂದ ಬಂದ ರಾತ್ರಿ ನಾನು ಆ ಪ್ಯಾನೆಲ್ ಎದುರು ನಿಂತೆ. ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅದು ಸುಳ್ಳು ಹೇಳಿರಲಿಲ್ಲ. ಆ ದೀಪಕ್ಕೆ ಸುದ್ದಿ ಬರುವುದು ಬ್ರೇಕರ್‌ನ ಯಂತ್ರಕ್ಕೆ ಹೊಂದಿಸಿದ ಒಂದು ಸಣ್ಣ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ. ಯಂತ್ರ ತಿರುಗಿತು ಎಂದಷ್ಟೇ ಅದಕ್ಕೆ ಗೊತ್ತು. ತಂತಿ ಸತ್ತಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ನಿನ್ನ ಪರದೆಯ ಮೇಲಿನ ಹಸಿರು ಚೌಕಕ್ಕೂ ಸುದ್ದಿ ಬರುವುದು ಅಂಥದೇ ಕಾಂಟ್ಯಾಕ್ಟ್‌ನಿಂದ, ತಂಗೀ. ಅಲ್ಲಿಂದ ಸ್ಟೇಷನ್ನಿನ ಸುದ್ದಿ ಕಲೆಹಾಕಿ ಕಳಿಸುವ ಆರ್‌ಟಿಯು ಪೆಟ್ಟಿಗೆ, ಮೋಡೆಮ್, ಸರ್ವರ್ ದಾಟಿ ಬ್ರೌಸರ್‌ಗೆ ಬರುತ್ತದೆ. ನನ್ನ ದೀಪಕ್ಕಿಂತ ನಾಲ್ಕು ಮನೆ ಹೆಚ್ಚು ದಾಟಿ ಬಂದ ಸುದ್ದಿ ಅದು. ನಡುವೆ ಎಲ್ಲಾದರೂ ಸಂಪರ್ಕ ಕಡಿದರೆ ಎಷ್ಟೋ ಪರದೆಗಳು ಹಳೆಯ ಅಂಕಿಯನ್ನೇ ತೋರಿಸುತ್ತ ಕೂರುತ್ತವೆ. ಅಂಕಿಗಿಂತ ಮೊದಲು ಅದರ ಪಕ್ಕದ ವೇಳೆ ನೋಡು. ಮದುವೆ ಮನೆಯಲ್ಲಿ ನೀನು ವೇಳೆ ನೋಡಿದೆಯಾ? ನೋಡಲಿಲ್ಲ. ನಾನು ನಿನ್ನ ಕಣ್ಣನ್ನೇ ಗಮನಿಸುತ್ತಿದ್ದೆ.

ಪರದೆ ನಂಬಿ ಕೆಟ್ಟವರ ಕಥೆ ಹೊರದೇಶದಲ್ಲೂ ಇದೆ. 2003ರ ಆಗಸ್ಟ್ 14ರಂದು ಅಮೆರಿಕದ ಓಹಾಯೋದಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಕಂಟ್ರೋಲ್ ರೂಮಿನ ಎಚ್ಚರಿಕೆಯ ತಂತ್ರಾಂಶ ನಿಂತುಹೋಯಿತು. ನಿಂತದ್ದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಹೊರಗೆ ಲೈನುಗಳು ಮರಕ್ಕೆ ತಾಗಿ ಒಂದೊಂದಾಗಿ ಬೀಳುತ್ತಿದ್ದವು. ಪಕ್ಕದ ಕಂಪನಿಯವರು ಫೋನ್ ಮಾಡಿದರೂ ಇವರು ತಮ್ಮ ಶಾಂತ ಪರದೆಯನ್ನೇ ನಂಬಿದರು. ನಾಲ್ಕು ಗಂಟೆ ದಾಟುವಷ್ಟರಲ್ಲಿ ಸುಮಾರು 5 ಕೋಟಿ ಜನರ ಕರೆಂಟ್ ಹೋಯಿತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಕಳ್ಳರು ಕದ್ದ ಪಾಸ್‌ವರ್ಡ್‌ಗಳಿಂದ ಇಂಥದೇ ಪರದೆಗಳ ಒಳಹೊಕ್ಕು ಬ್ರೇಕರ್‌ಗಳನ್ನು ತೆಗೆದರು. ಸುಮಾರು 2.25 ಲಕ್ಷ ಗ್ರಾಹಕರು ಕತ್ತಲಲ್ಲಿ ಕೂತರು. ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಬಲ್ಲ ಜನ ಇದ್ದರೆಂದು ಅಲ್ಲಿ ಕೆಲವೇ ತಾಸಿನಲ್ಲಿ ಬೆಳಕು ಬಂತು. ನಿನ್ನ ಪಾಸ್‌ವರ್ಡ್ ನಿನ್ನ ಆಫೀಸಿನ ಹುಡುಗರಿಗೆಲ್ಲ ಗೊತ್ತಂತೆ. ಇವತ್ತೇ ಬದಲಿಸು.

ನಾನು ಪರದೆಯ ವೈರಿಯಲ್ಲ. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ತಾಣವನ್ನು ಮೊಮ್ಮಗನ ಮೊಬೈಲಿನಲ್ಲಿ ದಿನಾ ನೋಡುತ್ತೇನೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಕೂಡಿ ಇಡೀ ದೇಶ ಒಂದೇ ಗ್ರಿಡ್ ಆಯಿತಲ್ಲ, ಅಂದಿನಿಂದ ಕಾಶ್ಮೀರದಲ್ಲೂ ಕಿತ್ತೂರಲ್ಲೂ ಒಂದೇ ಫ್ರೀಕ್ವೆನ್ಸಿ. 50ರ ಆಸುಪಾಸು ಅದು ಅಲುಗುವುದನ್ನು ನೋಡುತ್ತ ಚಹಾ ಕುಡಿಯುವುದು ಈಗ ನನಗೆ ಬೆಳಗಿನ ಪೂಜೆಯ ಹಾಗಾಗಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದ ಊರುಗಳಿಗೆ ನುಗ್ಗಿದಾಗ, ನೀರಿನಲ್ಲಿ ಇಳಿಯದೆ ದೂರದಿಂದಲೇ ಲೈನಿನ ಸ್ಥಿತಿ ನೋಡುವುದು ಎಂಥ ದೊಡ್ಡ ಉಪಕಾರ ಎಂದು ನನಗೂ ಅರ್ಥವಾಯಿತು. ಎಲ್ಲಿ ಏನಾಗಿದೆ ಎಂದು ಹುಡುಕಲು ಪರದೆ ಇರಲಿ. ಒಬ್ಬನನ್ನು ಕಂಬ ಹತ್ತಿಸುವ ಮಾತಿಗೆ ಮಾತ್ರ ಅದು ಸಾಲದು. ಐಸೊಲೇಟರ್ ಕಣ್ಣಿಗೆ ಕಾಣಬೇಕು, ತಂತಿ ಪರೀಕ್ಷಿಸಬೇಕು, ಎರಡೂ ಕಡೆ ಅರ್ಥ್ ಮಾಡಬೇಕು. ಈಗಂತೂ ಮನೆಮನೆಗೆ ಜನರೇಟರ್. ಸತ್ತ ಲೈನಿಗೆ ಹಿಂದಿನಿಂದ ಜೀವ ಬಂದರೆ ನಿನ್ನ ಚೌಕ ಹಸಿರಾಗಿಯೇ ಇರುತ್ತದೆ.

ಇನ್ನು ನಿನ್ನ ಪ್ರಶ್ನೆ. ಸವದತ್ತಿಗೆ ಹೋಗು. ಎರಡು ವರ್ಷ ಶಿಫ್ಟ್ ಮಾಡು, ಯಾರ್ಡಿನ ಜಲ್ಲಿಯ ಮೇಲೆ ರಾತ್ರಿ ನಡೆದಾಡು. ಹುಬ್ಬಳ್ಳಿಯ ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ. ಕಂಬ ನೋಡದವಳು ಕಂಬದ ಚಿತ್ರ ನೋಡಿ ಆಜ್ಞೆ ಕೊಡುವುದು ನನಗೆ ಸಹಿಸಲಾಗದು. ಇದನ್ನು ಕಟುವಾಗಿ ಬರೆದೆ, ಗೊತ್ತು. ನೀನು ಡಿಪ್ಲೊಮಾ ಮುಗಿಸಿದ ದಿನ ಪೇಢೆ ಹಿಡಿದು ಮೊದಲು ನನ್ನ ಮನೆಗೇ ಬಂದಿದ್ದೆ. ಆ ಮುಖ ಕಣ್ಣ ಮುಂದೆ ಇರುವುದರಿಂದಲೇ ಇಷ್ಟು ಬೈದೆ. ನನ್ನ ಹಾಗೆ ನೀನು ಒಂದು ಸಹಿಯನ್ನು ಜೀವಮಾನವಿಡೀ ಹೊರಬಾರದು.

ಆ ಲೈನ್‌ಮನ್ ಈಗ ಮಗನ ಜೊತೆ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟಿದ್ದಾನೆ. ಎಡಗೈಯಿಂದಲೇ ಸಕ್ಕರೆ ತೂಗಿ ಪೊಟ್ಟಣ ಕಟ್ಟುತ್ತಾನೆ. ನಾನು ಹೋದಾಗಲೆಲ್ಲ ಚಹಾ ತರಿಸುತ್ತಾನೆ, ಆ ದಿನದ ಮಾತು ಒಮ್ಮೆಯೂ ಎತ್ತಿಲ್ಲ. ನಿನ್ನ ವಿಷಯ ಹೇಳಿದೆ. "ಕರಕೊಂಡ ಬಾ, ಅರ್ಥಿಂಗ್ ರಾಡ್ ಹೆಂಗ್ ಹಾಕಬೇಕಂತ ನಾನ ಹೇಳತೇನಿ" ಅಂದ. ಬರುವ ಭಾನುವಾರ ನಿನಗೆ ರಜೆ ಇದ್ದರೆ ಬೆಳಗಿನ ಬಸ್ಸಿಗೆ ಬಾ. ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ.

ನಿನ್ನ ಸೋದರಮಾವ